ಹಾರ್ಪೊನೆಲ್ಲಿಯಿಂದ ಹರಪನಹಳ್ಳಿಗೆ: ಐದು ಊರುಗಳ ಸ್ಪೆಲ್ಲಿಂಗ್ ಚರಿತ್ರೆ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಕೋಟೆಯೊಳಗೇ ಸತ್ತ. ಗೆದ್ದವರು ಅವನ ರಾಜ್ಯವನ್ನು ಹಂಚಿಕೊಳ್ಳಲು ಕೂತರು. ಆಗ ಹುಟ್ಟಿದ ಇಂಗ್ಲಿಷ್ ಕಾಗದಪತ್ರಗಳಲ್ಲಿ, ಪೇಶ್ವೆಯ ಪಾಲಿಗೆಂದು ತೆಗೆದಿಟ್ಟ ಸೀಮೆಗಳ ಪೈಕಿ, ಸೋಂದೆ ಮತ್ತು ಆನೆಗೊಂದಿಯ ಜೊತೆ ಇನ್ನೊಂದು ಹೆಸರಿದೆ: ಎಚ್-ಎ-ಆರ್-ಪಿ-ಒ-ಎನ್-ಇ-ಎಲ್-ಎಲ್-ವೈ. ಇದ್ದದ್ದನ್ನು ಇದ್ದಂತೆ ಓದಿದರೆ ‘ಹಾರ್ಪೊನೆಲ್ಲಿ’. ಇಟಲಿಯ ಪಿಟೀಲು ವಾದಕನೊಬ್ಬನ ಹೆಸರಿನ ಹಾಗೆ ಕೇಳಿಸುವ ಇದು ನಮ್ಮ ಹರಪನಹಳ್ಳಿ.

ಪೇಶ್ವೆ ಆ ಪಾಲನ್ನು ಒಪ್ಪಿಕೊಳ್ಳಲಿಲ್ಲ. ಮರುವರ್ಷ, 1800ರಲ್ಲಿ, ತುಂಗಭದ್ರೆಯ ದಕ್ಷಿಣಕ್ಕಿದ್ದ ತನ್ನ ಸೀಮೆಯನ್ನು ಹೈದರಾಬಾದಿನ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅದಕ್ಕೆ ದತ್ತಮಂಡಲ ಎಂದು ಹೆಸರಾಯಿತು. ಥಾಮಸ್ ಮನ್ರೋ 1800ರಿಂದ 1807ರವರೆಗೆ ಅದರ ಮುಖ್ಯ ಕಲೆಕ್ಟರ್. ಅವನು ಹೋದ ಮೇಲೆ, 1808ರಲ್ಲಿ, ದತ್ತಮಂಡಲ ಒಡೆದು ಬಳ್ಳಾರಿ ಮತ್ತು ಕಡಪ ಎಂಬ ಎರಡು ಜಿಲ್ಲೆಗಳಾದವು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಬೊಮ್ಮನಹಳ್ಳಿಗಳೆಲ್ಲ ಬಳ್ಳಾರಿ ಜಿಲ್ಲೆಗೆ, ಅಂದರೆ ಮದ್ರಾಸ್ ಆಡಳಿತಕ್ಕೆ ಸೇರಿದವು. 1953ರ ಸೆಪ್ಟೆಂಬರ್ ಕೊನೆಯವರೆಗೆ ಈ ಊರುಗಳ ಹೆಸರು ಸರ್ಕಾರಿ ಕಾಗದದಲ್ಲಿ ಏರಿದ್ದು ಮದ್ರಾಸಿನ ಇಂಗ್ಲಿಷಿನಲ್ಲಿ.

ಈ ನೂರೈವತ್ತು ವರ್ಷಗಳ ಬಗ್ಗೆ ನಮ್ಮಲ್ಲಿ ಒಂದು ಸಿದ್ಧ ಮಾತಿದೆ: ಬಿಳಿಯರಿಗೆ ನಾಲಿಗೆ ಹೊರಳಲಿಲ್ಲ, ಬಾಯಿಗೆ ಬಂದಂತೆ ಬರೆದು ನಮ್ಮ ಊರ ಹೆಸರು ಕೆಡಿಸಿದರು. ಹಳೆಯ ಸ್ಪೆಲ್ಲಿಂಗುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಆ ಮಾತು ಅರ್ಧ ಮಾತ್ರ ನಿಜ. ಅವರು ಬರೆದದ್ದು ನಮ್ಮ ಪುಸ್ತಕದ ಕನ್ನಡವನ್ನಲ್ಲ, ನಮ್ಮ ಬಾಯಿಯ ಕನ್ನಡವನ್ನು. ಹೆಸರು ನಿಜಕ್ಕೂ ಕೆಟ್ಟದ್ದು ಆಮೇಲೆ. ಕಿವಿಯಿಂದ ಇಳಿದ ಬರಹವನ್ನು ಕಣ್ಣಿನಿಂದ ಓದಲು ಶುರುಮಾಡಿದಾಗ.

ಕಿವಿಗೆ ಬಿದ್ದದ್ದು

ಹಾರ್ಪೊನೆಲ್ಲಿಯನ್ನೇ ತೆಗೆದುಕೊಳ್ಳಿ. ಹರಪನಹಳ್ಳಿ ಸಂತೆಯಲ್ಲಿ ನಿಂತು ಕಿವಿಗೊಟ್ಟರೆ ಯಾರೂ ‘ಹರಪನಹಳ್ಳಿ’ ಎಂದು ಆರು ಅಕ್ಷರವನ್ನೂ ಬಿಡಿಬಿಡಿಯಾಗಿ ಹೇಳುವುದಿಲ್ಲ. ‘ಹರಪನಳ್ಳಿ’ ಎನ್ನುತ್ತಾರೆ, ಅವಸರದಲ್ಲಿದ್ದರೆ ‘ಹರ್ಪನಳ್ಳಿ’. ನಡುವಿನ ಹಕಾರ ಬಿದ್ದುಹೋಗುತ್ತದೆ, ರಕಾರದ ಸ್ವರ ಸವೆಯುತ್ತದೆ. ಈಗ ಆ ಹತ್ತು ಇಂಗ್ಲಿಷ್ ಅಕ್ಷರಗಳನ್ನು ಮತ್ತೆ ನೋಡಿ. ‘ಹಾರ್‌ಪ’ದಲ್ಲಿ ಸವೆದ ರಕಾರ ಇದೆ, ‘ನೆಲ್ಲಿ’ಯಲ್ಲಿ ಹಕಾರ ಇಲ್ಲ. ಬರೆದವನ ಸ್ವರಗಳು ತಪ್ಪಿವೆ, ಆದರೆ ಕಿವಿ ತಪ್ಪಿಲ್ಲ. ಇನ್ನೂರು ವರ್ಷದ ಹಿಂದೆಯೇ ಜನ ಈ ಊರನ್ನು ಹೀಗೆ ಮೊಟಕು ಮಾಡಿ ಕರೆಯುತ್ತಿದ್ದರು ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಕನ್ನಡ ಲಿಪಿಯಲ್ಲಿ ಸಿಗುವುದು ಕಷ್ಟ. ಕನ್ನಡ ಬಲ್ಲ ಶಾನುಭೋಗ ಬಾಯಲ್ಲಿ ಏನೇ ಅನ್ನಲಿ, ಲೆಕ್ಕದ ಪುಸ್ತಕದಲ್ಲಿ ‘ಹಳ್ಳಿ’ ಎಂದೇ ಬರೆಯುತ್ತಿದ್ದ.

ನೆರೆಯ ಹೊಸಪೇಟೆಯದೂ ಇದೇ ಕಥೆ. ಇಂಗ್ಲಿಷಿನ ‘ಹಾಸ್ಪೆಟ್’ ನಮಗೆ ವಿಕಾರವಾಗಿ ಕೇಳುತ್ತದೆ. ಆದರೆ ಈ ಭಾಗದಲ್ಲಿ ಬಸ್ಸಿನ ಕಂಡಕ್ಟರ್ ಕೂಗುವುದು ‘ಹೊಸ್ಪೇಟಿ, ಹೊಸ್ಪೇಟಿ’ ಎಂದೇ. ಸಕಾರದ ಅಕಾರವನ್ನು ನುಂಗಿದವರು ನಾವು. ಗುಮಾಸ್ತ ನುಂಗಿದ್ದನ್ನು ನುಂಗಿದಂತೆ ಬರೆದ.

ಅದೇ ಕಾಲದ ಬೇರೆ ಕಾಗದಗಳಲ್ಲಿ ಹರಪನಹಳ್ಳಿಗೆ ಇನ್ನೊಂದು ವೇಷವೂ ಇದೆ: ‘ಹರ್ಪನ್‌ಹಳ್ಳಿ’ ಎಂದು ಓದಿಕೊಳ್ಳಬೇಕಾದ ಸ್ಪೆಲ್ಲಿಂಗ್. ಅದರಲ್ಲಿ ಅಕಾರ ಬರಬೇಕಾದ ಕಡೆಯೆಲ್ಲ ‘ಯು’ ಅಕ್ಷರ ಕೂತಿದೆ. 1800ರಲ್ಲಿ ಧೊಂಡಿಯಾ ವಾಘನನ್ನು ಬೆನ್ನಟ್ಟಿ ತುಂಗಭದ್ರೆ ದಾಟಿದ ಆರ್ಥರ್ ವೆಲ್ಲೆಸ್ಲಿ ಹರಿಹರವನ್ನು ಬರೆದದ್ದೂ ಹಾಗೆಯೇ: ಎಚ್-ಯು-ಆರ್-ಆರ್-ವೈ, ಎಚ್-ಯು-ಆರ್. ಇಂಗ್ಲಿಷ್ ಬಲ್ಲವರಿಗೆ ಅದು ‘ಅವಳನ್ನು ಅವಸರಪಡಿಸು’ ಎಂದು ಓದಿಸಿಕೊಳ್ಳುತ್ತದೆ. ವೆಲ್ಲೆಸ್ಲಿಗೆ ನಗೆ ಬೇಕಿರಲಿಲ್ಲ, ಅಕಾರ ಬೇಕಿತ್ತು.

ಅಕಾರಕ್ಕೆ ‘ಯು’ ಏಕೆ? ಉತ್ತರ ನಮ್ಮ ಪ್ರತಿ ಶಾಲೆಯಲ್ಲೂ ಕೇಳುವ ಹಳೆಯ ತಕರಾರಿನಲ್ಲಿದೆ: ಬಿ-ಯು-ಟಿ ಬಟ್ ಆದರೆ ಪಿ-ಯು-ಟಿ ಏಕೆ ಪುಟ್? ಒಂದು ಕಾಲದಲ್ಲಿ ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಸ್ವರ, ಉಕಾರ. ಹದಿನೇಳನೆಯ ಶತಮಾನದಲ್ಲಿ ದಕ್ಷಿಣ ಇಂಗ್ಲೆಂಡಿನ ಬಾಯಲ್ಲಿ ಆ ಉಕಾರ ಬಹಳ ಪದಗಳಲ್ಲಿ ಅಕಾರದ ಕಡೆ ಸರಿಯಿತು. ‘ಪುಟ್’, ‘ಪುಲ್’, ‘ಬುಲ್’, ‘ಫುಲ್’ ಮುಂತಾದ ಕೆಲವು ಪದಗಳಲ್ಲಿ ಹಾಗೇ ಉಳಿಯಿತು. ಉತ್ತರ ಇಂಗ್ಲೆಂಡಿನ ಆಡುಮಾತಿನಲ್ಲಿ ಇವತ್ತಿಗೂ ಎರಡೂ ಉಕಾರವೇ. ಉಚ್ಚಾರ ಎರಡಾಯಿತು, ಅಕ್ಷರ ಒಂದೇ ಉಳಿಯಿತು. ಆ ಎರಡು ತಲೆಯ ‘ಯು’ ಹಡಗು ಹತ್ತಿ ಇಲ್ಲಿಗೆ ಬಂತು. ಹರಪನಹಳ್ಳಿಯ ಹಳೆಯ ಸ್ಪೆಲ್ಲಿಂಗಿನಲ್ಲಿ ಅದು ‘ಬಟ್’ನ ಯು, ಕೂಡ್ಲಿಗಿಯ ಇಂದಿನ ಸ್ಪೆಲ್ಲಿಂಗಿನಲ್ಲಿ ಅದು ‘ಪುಟ್’ನ ಯು. ಎರಡು ಊರುಗಳ ನಡುವೆ ಇರುವುದು ಕೊಟ್ಟೂರಿನ ದಾರಿ. ಒಂದೇ ಅಕ್ಷರದ ಎರಡು ಬಳಕೆಗಳ ನಡುವೆ ಇರುವುದು ಕಲ್ಕತ್ತೆಯಲ್ಲಿ ನಡೆದ ಒಂದು ವಿದ್ವಜ್ಜಗಳ.

ಕಲ್ಕತ್ತೆಯ ಇಬ್ಬರು

ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದವನು, 1784ರಲ್ಲಿ ಏಷಿಯಾಟಿಕ್ ಸೊಸೈಟಿ ಕಟ್ಟಿದವನು. ಸೊಸೈಟಿಯ ಸಂಪುಟಗಳಲ್ಲಿ ಮೊದಲನೆಯದು 1788ರಲ್ಲಿ ಹೊರಬಂದಾಗ ಅದರ ಮೊದಲ ಲೇಖನವೇ ಏಷ್ಯಾದ ಪದಗಳನ್ನು ರೋಮನ್ ಅಕ್ಷರಗಳಲ್ಲಿ ಹೇಗೆ ಬರೆಯಬೇಕೆಂಬುದರ ಬಗ್ಗೆ. ಅವನ ವಾದ ಸರಳ: ವ್ಯಂಜನಗಳನ್ನು ಇಂಗ್ಲಿಷಿನಿಂದ ತೆಗೆದುಕೊಳ್ಳಿ, ಸ್ವರಗಳನ್ನು ಇಂಗ್ಲಿಷಿನಿಂದ ತೆಗೆದುಕೊಳ್ಳಬೇಡಿ, ಇಟಾಲಿಯನ್‌ನಿಂದ ತೆಗೆದುಕೊಳ್ಳಿ. ‘ಎ’ ಅಕ್ಷರಕ್ಕೆ ಅ-ಆ, ‘ಐ’ಗೆ ಇ-ಈ, ‘ಯು’ಗೆ ಉ-ಊ, ಉದ್ದಕ್ಕೆ ಮೇಲೊಂದು ಗೀಟು.

ಅದೇ ಊರಿನಲ್ಲಿ, ಮುಂದೆ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಹಿಂದೂಸ್ತಾನಿ ಕಲಿಸಿದ ಜಾನ್ ಗಿಲ್‌ಕ್ರಿಸ್ಟ್‌ನದು ಬೇರೆ ದಾರಿ. ಓದುವವನು ಇಂಗ್ಲಿಷ್ ಬಲ್ಲ ಸಿಪಾಯಿ, ಗುಮಾಸ್ತ. ಅವನ ಕಣ್ಣಿಗೆ ಅಭ್ಯಾಸವಾದ ಸ್ಪೆಲ್ಲಿಂಗಿನಲ್ಲೇ ಬರೆದರೆ ಕನಿಷ್ಠ ಹತ್ತಿರದ ಉಚ್ಚಾರವಾದರೂ ಬಂದೀತು ಎಂಬುದು ಅವನ ಲೆಕ್ಕ. ಅಕಾರಕ್ಕೆ ‘ಬಟ್’ನ ಯು, ಈಕಾರಕ್ಕೆ ಎರಡು ‘ಇ’, ಊಕಾರಕ್ಕೆ ಎರಡು ‘ಒ’.

ಈ ಇಬ್ಬರೂ ಕೂಡ್ಲಿಗಿಯನ್ನಾಗಲಿ ಹಡಗಲಿಯನ್ನಾಗಲಿ ಕಂಡವರಲ್ಲ. ಆದರೂ ಇಂದು ಹೂವಿನಹಡಗಲಿಯ ಬೀದಿಯಲ್ಲಿ ಅಂಗಡಿ ಬೋರ್ಡುಗಳನ್ನು ಓದುತ್ತ ಹೋದರೆ ಅವರ ಜಗಳ ಮುಗಿದಿಲ್ಲವೆಂದು ಗೊತ್ತಾಗುತ್ತದೆ. ಒಂದು ಬೋರ್ಡಿನಲ್ಲಿ ‘ಹೂ’ ಎಂಬುದಕ್ಕೆ ಎಚ್ ಆದಮೇಲೆ ಎರಡು ‘ಒ’: ಅದು ಗಿಲ್‌ಕ್ರಿಸ್ಟ್. ಪಕ್ಕದ ಬೋರ್ಡಿನಲ್ಲಿ ಎಚ್ ಆದಮೇಲೆ ಒಂದೇ ‘ಯು’: ಅದು ಜೋನ್ಸ್. ಸರ್ಕಾರದ ಕಾಗದಗಳಲ್ಲೂ ಎರಡೂ ಓಡಾಡುತ್ತವೆ.

ಎರಡು ‘ಒ’ ಸೇರಿ ಊಕಾರವಾಗುವುದಾದರೂ ಹೇಗೆ? ಒಂದು ‘ಒ’ ಒಕಾರವಾದರೆ ಎರಡು ‘ಒ’ ಓಕಾರವಾಗಬೇಕಿತ್ತಲ್ಲ? ಒಂದು ಕಾಲದಲ್ಲಿ ಆಗುತ್ತಿತ್ತು. ಇವತ್ತು ‘ಮೂನ್’ ಎನ್ನುವ ಚಂದ್ರನನ್ನು ಹದಿನಾಲ್ಕನೆಯ ಶತಮಾನದ ಇಂಗ್ಲಿಷರು ಸುಮಾರಾಗಿ ‘ಮೋನ್’ ಎನ್ನುತ್ತಿದ್ದರು. ‘ಟೈಮ್’ ಆಗ ‘ತೀಮ್’. ‘ನೇಮ್’ ಆಗ ‘ನಾಮ್’. ಹದಿನೈದನೆಯ ಶತಮಾನದಿಂದ ಸುಮಾರು ಇನ್ನೂರೈವತ್ತು ವರ್ಷಗಳಲ್ಲಿ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ತಮ್ಮ ಜಾಗ ಬಿಟ್ಟು ಮೇಲೆ ಸರಿದವು. ಈ ಮಹಾಪಲ್ಲಟದ ನಡುವೆಯೇ, 1476ರಲ್ಲಿ, ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ನಿನ ಪಕ್ಕದ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಯಂತ್ರ ಹೂಡಿದ. ಅಚ್ಚಿನ ಮನೆ ಹಳೆಯ ಸದ್ದಿನ ಅಕ್ಷರಗಳನ್ನು ಗಟ್ಟಿಮಾಡುತ್ತ ಹೋಯಿತು. ನಾಲಿಗೆ ತನ್ನ ಪಾಡಿಗೆ ತಾನು ಮುಂದೆ ಹೋಯಿತು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟು ಬರುವ ಹೊತ್ತಿಗೆ ಸ್ಪೆಲ್ಲಿಂಗ್ ಹೆಚ್ಚುಕಡಿಮೆ ಈಗಿನಂತೆಯೇ ನಿಂತಿತ್ತು. ‘ನೈಟ್’ ಎಂಬ ಯೋಧನ ಮುಂದಿರುವ ‘ಕೆ’ ಒಮ್ಮೆ ಬಾಯಲ್ಲಿ ಕೇಳುತ್ತಿದ್ದದ್ದೇ. ‘ಡೆಟ್’ ಎಂಬ ಸಾಲದೊಳಗಿನ ‘ಬಿ’ ಮಾತ್ರ ಇಂಗ್ಲಿಷರ ಬಾಯಲ್ಲಿ ಯಾವತ್ತೂ ಕೇಳಿದ್ದಲ್ಲ. ಲ್ಯಾಟಿನ್ ಮೂಲ ನೆನಪಿರಲಿ ಎಂದು ಪಂಡಿತರು ಆಮೇಲೆ ಸೇರಿಸಿದ್ದು.

ಹೀಗಾಗಿ ಜೋನ್ಸ್ ಇಂಗ್ಲಿಷ್ ಸ್ವರಗಳನ್ನು ನಂಬದೆ ಇಟಲಿಯ ಕಡೆ ನೋಡಿದ್ದರಲ್ಲಿ ಅರ್ಥವಿದೆ. ತನ್ನ ಭಾಷೆಯ ಸ್ವರಾಕ್ಷರಗಳು ಸದ್ದಿನ ಜೊತೆ ಸಂಬಂಧ ಕಡಿದುಕೊಂಡಿವೆಯೆಂದು ಅವನಿಗೆ ಗೊತ್ತಿತ್ತು.

ನಮ್ಮ ಬರಹ ನಡೆದ ದಾರಿ

ಕನ್ನಡದಲ್ಲೂ ಸದ್ದು ಬದಲಾಗಿದೆ. ಹಳಗನ್ನಡದ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು: ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು. ಹಡಗಲಿಯ ‘ಹೂವು’, ಹರಪನಹಳ್ಳಿಯ ‘ಹಳ್ಳಿ’ ಎರಡೂ ಆ ದಾರಿಯಲ್ಲಿ ಬಂದ ಮಾತುಗಳೇ. ಈ ತಾಲ್ಲೂಕುಗಳಲ್ಲಿ ಇದನ್ನು ಕಲ್ಲಿನ ಮೇಲೆ ಓದಬಹುದು. ಬಾಗಳಿ, ಕುರುವತ್ತಿ, ನೀಲಗುಂದ, ಅಂಬಳಿ, ಮಾಗಳಗಳ ಚಾಲುಕ್ಯ ಕಾಲದ ದೇವಾಲಯಗಳ ಸುತ್ತ ಶಾಸನಗಳ ದೊಡ್ಡ ರಾಶಿಯೇ ಇದೆ. ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಸಂಪಾದಿಸಿ 1939ರಲ್ಲಿ ಹೊರತಂದ ದಕ್ಷಿಣ ಭಾರತ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿ ಅವುಗಳಲ್ಲಿ ಬಹಳಷ್ಟು ಸೇರಿವೆ. ಶತಮಾನದಿಂದ ಶತಮಾನಕ್ಕೆ ಇಂಥ ಶಾಸನಗಳನ್ನು ಓದುತ್ತ ಬಂದರೆ ಪಕಾರ ಹಕಾರಕ್ಕೆ ಜಾಗ ಬಿಡುವುದು, ಱ ಮತ್ತು ೞ ಅಕ್ಷರಗಳು ತಪ್ಪಿಹೋಗುವುದು ಕಾಣುತ್ತದೆ. ಬ್ರಹ್ಮ ಬಾಯಲ್ಲಿ ಬೊಮ್ಮನಾದ. ಬರಹದಲ್ಲೂ ಬೊಮ್ಮನೇ ಆದ. ಹಗರಿಬೊಮ್ಮನಹಳ್ಳಿಯಲ್ಲಿ ಇರುವುದು ಆ ಬೊಮ್ಮನೇ.

ಎರಡು ಭಾಷೆಗಳ ನಡುವಿನ ವ್ಯತ್ಯಾಸ ಇಷ್ಟೇ. ಕನ್ನಡದ ನಾಲಿಗೆ ಸರಿದಾಗ ಕಂಟವೂ ಉಳಿಯೂ ತಡವಾಗಿಯಾದರೂ ಹಿಂದೆ ಬಂದವು. ಇಂಗ್ಲಿಷಿನ ನಾಲಿಗೆ ಸರಿಯುವ ಹೊತ್ತಿಗೆ ಸೀಸದ ಮೊಳೆಗಳು ಬಂದುಬಿಟ್ಟಿದ್ದವು.

ಇಂಗ್ಲೆಂಡಿನ ಊರುಗಳನ್ನು ನೋಡಿದರೆ ಇನ್ನೊಂದು ತಮಾಷೆ ಕಾಣುತ್ತದೆ. ‘ಲೆಸ್ಟರ್’, ‘ವುಸ್ಟರ್’, ‘ಗ್ಲಾಸ್ಟರ್’ ಎಂದು ಅಲ್ಲಿಯವರು ಕರೆಯುವ ಊರುಗಳ ಸ್ಪೆಲ್ಲಿಂಗಿನಲ್ಲಿ ಮೂರು-ಮೂರು ಅಕ್ಷರ ಹೆಚ್ಚಿಗೆ ಇವೆ. ಒಂದು ಕಾಲದಲ್ಲಿ ನಡುವಿನ ‘ಸೆ’ ಕೇಳುತ್ತಿತ್ತು, ಈಗಿಲ್ಲ. ನಾವು ಹೊಸಪೇಟೆಯ ನಡುವನ್ನು ನುಂಗಿದ ಹಾಗೆಯೇ ಅವರೂ ನುಂಗಿದ್ದಾರೆ. ಆದರೆ ತಮ್ಮೂರ ಹೆಸರಿಗೆ ಅವರು ಹಳೆಯ ಅಕ್ಷರವನ್ನು ಪೂರ್ತಿ ಉಳಿಸಿಕೊಂಡರು. ನಮ್ಮೂರ ಹೆಸರಿಗೆ ಅಂದಂದಿನ ಸದ್ದನ್ನು ಬರೆದರು. ಲೆಸ್ಟರಿಗೆ ಸಿಕ್ಕ ಮರ್ಯಾದೆ ಹೊಸಪೇಟೆಗೆ ಸಿಗಲು 2014ರ ತನಕ ಕಾಯಬೇಕಾಯಿತು.

ಬಳ್ಳಾರಿಯ ಅಚ್ಚುಮನೆ

ಕಂಪನಿಯ ಕಚೇರಿ ನಮ್ಮ ಹೆಸರುಗಳನ್ನು ಇಂಗ್ಲಿಷಿಗೆ ಇಳಿಸುತ್ತಿದ್ದಾಗ ಬಳ್ಳಾರಿಯಲ್ಲೇ ಇನ್ನೊಂದು ಗುಂಪು ಎದುರು ದಿಕ್ಕಿನಲ್ಲಿ ಕೆಲಸ ಮಾಡುತ್ತಿತ್ತು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೈಹಾಕಿದ. ಅವನ ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ತಂದ. ರೀವ್‌ನ ನಿಘಂಟುಗಳ ಹೆಸರಿನಲ್ಲಿ ಕರ್ನಾಟಕ ಎಂಬುದು ‘ಸಿ’ ಅಕ್ಷರದಿಂದ ಶುರುವಾಗುತ್ತದೆ. ಸಕಾರಕ್ಕೂ ಕಕಾರಕ್ಕೂ ಓಗೊಡುವ ಆ ‘ಸಿ’ಯನ್ನು ಮುಂದಿನ ಪೀಳಿಗೆ ಚಕಾರಕ್ಕೆ ಮಾತ್ರ ಮೀಸಲಿಟ್ಟು, ಕಕಾರವನ್ನು ‘ಕೆ’ಗೆ ವಹಿಸಿತು. 1894ರಲ್ಲಿ ಮಂಗಳೂರಿನಿಂದ ಬಂದ ಕಿಟ್ಟೆಲ್ ನಿಘಂಟಿನ ಹೊತ್ತಿಗೆ ಕನ್ನಡ ‘ಕೆ’ಯಿಂದಲೇ ಶುರು. ಕೂಡ್ಲಿಗಿ, ಕೊಟ್ಟೂರುಗಳ ಮುಂದೆ ಇಂದು ‘ಕೆ’ ನಿಂತಿರುವುದು ಆ ಬದಲಾವಣೆಯ ಫಲ. 1843ರಲ್ಲಿ ಶುರುವಾದ ‘ಮಂಗಳೂರ ಸಮಾಚಾರ’ ಕೂಡ ಮರುವರ್ಷ ‘ಕನ್ನಡ ಸಮಾಚಾರ’ವಾಗಿ ಅಚ್ಚಾದದ್ದು ಬಳ್ಳಾರಿಯಲ್ಲಿ. ಕನ್ನಡದ ಮೊದಲ ಪತ್ರಿಕೆಗೆ ಅಚ್ಚಿನ ಮೊಳೆ ಒದಗಿಸಿದ ಊರಿನ ಹೆಸರನ್ನೇ ಇಂಗ್ಲಿಷಿನಲ್ಲಿ ನೇರವಾಗಿ ಬರೆಯಲು ಇನ್ನೂ ನೂರೆಪ್ಪತ್ತು ವರ್ಷ ಬೇಕಾಯಿತು.

ಹಂಟರ್ ಬಂದ, ಗೀಟು ಬಿತ್ತು

1860ರ ದಶಕದ ಕೊನೆಗೆ ಸರ್ಕಾರಕ್ಕೆ ತಲೆನೋವು ಜೋರಾಯಿತು. ಒಂದೇ ಊರು ಭೂಮಾಪನದ ನಕ್ಷೆಯಲ್ಲಿ ಒಂದು ಹೆಸರು, ಅಂಚೆಯಲ್ಲಿ ಇನ್ನೊಂದು, ಕಂದಾಯದಲ್ಲಿ ಮತ್ತೊಂದು. ಇಡೀ ದೇಶದ ಗ್ಯಾಸೆಟಿಯರ್ ತಯಾರಿಸುವ ಹೊಣೆ ಹೊತ್ತ ವಿಲಿಯಂ ವಿಲ್ಸನ್ ಹಂಟರ್ 1871ರಲ್ಲಿ ಊರ ಹೆಸರುಗಳ ಸ್ಪೆಲ್ಲಿಂಗಿಗೆ ಒಂದು ಕೈಪಿಡಿ ಬರೆದ. ಮೂಲದಲ್ಲಿ ಅದು ಜೋನ್ಸ್‌ನ ಪದ್ಧತಿಯೇ. ಗಿಲ್‌ಕ್ರಿಸ್ಟ್ ಸೋತ. ಅಕಾರದ ಜಾಗದಿಂದ ‘ಯು’ ಎದ್ದುಹೋಗಿ ‘ಎ’ ಬಂದು ಕೂತಿತು. ಒಂದು ವಿನಾಯಿತಿ ಇತ್ತು: ಬಳಕೆಯಲ್ಲಿ ಬೇರೂರಿದ ಹೆಸರುಗಳನ್ನು ಮುಟ್ಟಬಾರದು. ಕಲ್ಕತ್ತ, ಬಾಂಬೆ, ಲಕ್ನೋ ಹಾಗೇ ಉಳಿದವು. ದಂಡು ಇದ್ದ ಬಳ್ಳಾರಿಯೂ ತನ್ನ ‘ಬೆಲ್ಲಾರಿ’ ವೇಷ ಕಳಚಲಿಲ್ಲ.

ಇದರಿಂದ ಒಂದು ವಿಚಿತ್ರ ಫಲ ಬಂತು. ದೊಡ್ಡ ಊರು ಕೆಟ್ಟ ಸ್ಪೆಲ್ಲಿಂಗಿನಲ್ಲೇ ಕೂತಿತು. ಯಾವ ದೊರೆಯ ಕಣ್ಣಿಗೂ ಅಷ್ಟಾಗಿ ಬೀಳದ ಕೂಡ್ಲಿಗಿ, ಕೊಟ್ಟೂರುಗಳಿಗೆ ಶಾಸ್ತ್ರೀಯ ಸ್ಪೆಲ್ಲಿಂಗ್ ಸಿಕ್ಕಿತು. ಜಾನ್ ಕೆಲ್ಸಾಲ್‌ನ 1872ರ ಬಳ್ಳಾರಿ ಜಿಲ್ಲಾ ಕೈಪಿಡಿಯ ನಂತರ, 1904ರಲ್ಲಿ ಡಬ್ಲ್ಯೂ. ಫ್ರಾನ್ಸಿಸ್ ಜಿಲ್ಲಾ ಗ್ಯಾಸೆಟಿಯರ್ ಬರೆದಾಗ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಹೊಸ ಪದ್ಧತಿಯಲ್ಲೇ ಅಚ್ಚಾದವು.

ಆದರೆ ಪದ್ಧತಿಗೆ ಮೂರು ರೋಗಗಳಿದ್ದವು. ಮೊದಲನೆಯದು, ದೀರ್ಘ ತೋರಿಸುವ ಗೀಟು. ಗ್ಯಾಸೆಟಿಯರಿನ ಅಚ್ಚಿನಲ್ಲಿ ಅದು ಇತ್ತು. ಕಚೇರಿಯ ಕೈಬರಹದಲ್ಲಿ, ಟೈಪ್‌ರೈಟರಿನಲ್ಲಿ, ತಂತಿಯಲ್ಲಿ ಇರಲಿಲ್ಲ. ಗೀಟು ಬಿದ್ದ ಕೂಡಲೇ ಕೂಡ್ಲಿಗಿ ಇಂಗ್ಲಿಷಿನಲ್ಲಿ ‘ಕುಡ್ಲಿಗಿ’ಯೂ ಆಗಬಹುದಾಯಿತು. ಹೊರಗಿನಿಂದ ವರ್ಗವಾಗಿ ಬಂದ ಅಧಿಕಾರಿ ಇವತ್ತಿಗೂ ಮೊದಲ ವಾರ ಹಾಗೆ ಹೇಳಿ ಕಚೇರಿಯವರಿಂದ ತಿದ್ದಿಸಿಕೊಳ್ಳುತ್ತಾನೆ.

ಎರಡನೆಯದು, ಜೋನ್ಸ್‌ನ ಕಣ್ಣಮುಂದೆ ಇದ್ದದ್ದು ಸಂಸ್ಕೃತ, ಪಾರಸಿ. ಸಂಸ್ಕೃತದಲ್ಲಿ ಹ್ರಸ್ವ ಎಕಾರ, ಒಕಾರಗಳಿಲ್ಲ. ಅದರಿಂದ ಪದ್ಧತಿಯಲ್ಲಿ ಎ-ಏ, ಒ-ಓ ಬೇರೆ ಮಾಡುವ ಗುರುತೂ ಇಲ್ಲ. ಕನ್ನಡಕ್ಕೆ ಅದು ಉಸಿರಿನಷ್ಟು ಮುಖ್ಯ. ಕೊಟ್ಟೂರಿನ ಹ್ರಸ್ವ ಒಕಾರಕ್ಕೂ ಕೋಟೆಯ ದೀರ್ಘ ಓಕಾರಕ್ಕೂ ಒಂದೇ ಅಕ್ಷರವಾಯಿತು. ಹೊಸಪೇಟೆಯ ‘ಪೇಟೆ’ ಇಂಗ್ಲಿಷ್ ಓದುವವರ ಬಾಯಲ್ಲಿ ಸಾಕುನಾಯಿಯ ‘ಪೆಟ್’ ಆಯಿತು.

ಮೂರನೆಯದು ಲಕಾರ-ಳಕಾರದ ಗೊಂದಲ, ಮತ್ತು ಅದರ ಪೆಟ್ಟು ಹೆಚ್ಚು ತಿಂದದ್ದು ಹಡಗಲಿ. ಹಡಗಲಿಯ ಕೊನೆಗೆ ಒಂದೇ ಲಕಾರ. ಹರಪನಹಳ್ಳಿಯ ಕೊನೆಗೆ ಒತ್ತಿನ ಳಕಾರ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಎಲ್’ ಒಂದೇ ಗತಿ. ಜಿಲ್ಲೆಯ ತುಂಬ ಹಳ್ಳಿಗಳು. ಬರೆದು ಬರೆದು ಗುಮಾಸ್ತರ ಕೈ ಕೊನೆಗೆ ಎರಡು ‘ಎಲ್’ ಹಾಕುವ ರೂಢಿಗೆ ಬಿದ್ದಿರಬೇಕು. ಗ್ಯಾಸೆಟಿಯರಿನಲ್ಲಿ ಹಡಗಲಿಗೂ ಹರಪನಹಳ್ಳಿಗೂ ಬಾಲ ಒಂದೇ. ಹೊರಗಿನವರಿಗೆ ‘ಹಡಗಳ್ಳಿ’ ಎಂಬ ಊರಿದೆಯೆಂದು ಅನ್ನಿಸಿದರೆ ತಪ್ಪು ಅವರದಲ್ಲ.

ಆ ಎರಡನೆಯ ‘ಎಲ್’ ಎಷ್ಟು ದೂರ ಹೋಯಿತೆಂದರೆ, ಹಿರೇಹಡಗಲಿಯಲ್ಲಿ ಸಿಕ್ಕ ಪಲ್ಲವ ದೊರೆ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟಗಳನ್ನು ಗಿಯೋರ್ಗ್ ಬ್ಯೂಲರ್ ‘ಎಪಿಗ್ರಾಫಿಯಾ ಇಂಡಿಕಾ’ದ ಮೊದಲ ಸಂಪುಟದಲ್ಲಿ ಪ್ರಕಟಿಸಿದಾಗ ಅವು ‘ಹಿರಹಡಗಲ್ಲಿ’ ತಾಮ್ರಪಟಗಳೆಂದೇ ಹೆಸರಾದವು. ನಾಲ್ಕನೆಯ ಶತಮಾನದ, ಕಾಂಚಿಯಿಂದ ಹೊರಟ ಈ ದಾನಪತ್ರ ಪಲ್ಲವರ ಚರಿತ್ರೆಗೆ ಬುನಾದಿ. ಪಲ್ಲವರ ಬಗ್ಗೆ ಬರೆಯುವವರು ಯಾವ ದೇಶದವರಾದರೂ ಈ ಹೆಸರನ್ನು ಎರಡು ‘ಎಲ್’ ಹಾಕಿಯೇ ಬರೆಯುತ್ತಾರೆ. ಸಂಶೋಧನೆಯ ಲೋಕದಲ್ಲಿ ಅದನ್ನು ತಿದ್ದಿದರೆ ಹಳೆಯ ಉಲ್ಲೇಖಗಳ ಜೊತೆ ಕೊಂಡಿ ತಪ್ಪುತ್ತದೆ. ಇವತ್ತಿಗೂ ಗುದ್ದಾಟ ಮುಗಿದಿಲ್ಲ. ಭೌಗೋಳಿಕ ಸೂಚಕ ಪಡೆದ ಹಡಗಲಿ ಮಲ್ಲಿಗೆಯ ನೋಂದಣಿಯಲ್ಲಿ ಒಂದು ‘ಎಲ್’; 2008ರ ಕ್ಷೇತ್ರ ಮರುವಿಂಗಡಣೆಯ ಪಟ್ಟಿಯಲ್ಲಿ ವಿಧಾನಸಭಾ ಕ್ಷೇತ್ರದ ಹೆಸರಿಗೆ ಎರಡು. ಹೂವಿಗೊಂದು, ಓಟಿಗೆರಡು.

ಹದಿನೆಂಟು ಅಕ್ಷರದ ಊರು

ಚಿಕ್ಕ ಹಗರಿ ಹರಿಯುವ ಸೀಮೆಯ ಬೊಮ್ಮನಹಳ್ಳಿಗೆ ಬೇರೆಯದೇ ಸಮಸ್ಯೆ. ಕನ್ನಡದಲ್ಲಿ ಹಗರಿಬೊಮ್ಮನಹಳ್ಳಿ ಎಂಟೇ ಅಕ್ಷರ; ಇಂಗ್ಲಿಷಿನಲ್ಲಿ ಹದಿನೆಂಟು. ಟಿಕೆಟಿನ ತುಂಡು, ಬಸ್ಸಿನ ಬೋರ್ಡು, ಅರ್ಜಿಯ ಖಾನೆ, ಯಾವುದಕ್ಕೂ ಅದು ಹಿಡಿಸುವುದಿಲ್ಲ. ಜನ ದಾರಿ ಕಂಡುಕೊಂಡರು: ಎಚ್.ಬಿ. ಹಳ್ಳಿ. ಮರಿಯಮ್ಮನಹಳ್ಳಿ ಅದೇ ದಾರಿಯಲ್ಲಿ ಎಂ.ಎಂ. ಹಳ್ಳಿಯಾಯಿತು. ಇಲ್ಲಿ ಇಂಗ್ಲಿಷ್ ನಮ್ಮ ಹೆಸರನ್ನು ಬರೆಯಲಿಲ್ಲ. ಇಂಗ್ಲಿಷಿನ ಅಕ್ಷರಗಳ ಹೆಸರೇ ನಮ್ಮ ಊರ ಹೆಸರಾಯಿತು. ಶಾಲೆಯ ಮೆಟ್ಟಿಲು ಹತ್ತದ ಮುದುಕಿಯೂ ಬಸ್ಸಿನಲ್ಲಿ ‘ಎಚ್ಬಿಹಳ್ಳಿಗೆ ಒಂದು ಕೊಡಪ’ ಎನ್ನುತ್ತಾಳೆ. ಅವಳ ಮಟ್ಟಿಗೆ ಅದು ಅಚ್ಚಗನ್ನಡ.

ಹಾಗೆ ಬಾಯಿಗೆ ಬಂದದ್ದನ್ನು ಮತ್ತೆ ಕನ್ನಡದಲ್ಲಿ ಬರೆಯುವಾಗ ಇನ್ನೊಂದು ಸುತ್ತು. ಕೆಲವು ಬೋರ್ಡುಗಳಲ್ಲಿ ‘ಎಚ್.ಬಿ. ಹಳ್ಳಿ’, ಕೆಲವುಗಳಲ್ಲಿ ‘ಹೆಚ್.ಬಿ. ಹಳ್ಳಿ’. ಇಂಗ್ಲೆಂಡಿನ ಶಿಷ್ಟ ಉಚ್ಚಾರದಲ್ಲಿ ಆ ಅಕ್ಷರದ ಹೆಸರಿನ ಮೊದಲಿಗೆ ಹಕಾರ ಇಲ್ಲ. ಹಕಾರದ ಸದ್ದು ಕೊಡುವ ಅಕ್ಷರದ ಹೆಸರಲ್ಲೇ ಹಕಾರ ಇಲ್ಲದಿದ್ದರೆ ಹೇಗೆಂದು ನಮ್ಮವರು ಅದನ್ನು ಸೇರಿಸಿದರು. ತರ್ಕದಲ್ಲಿ ನಮ್ಮವರೇ ಸರಿ. ಆದರೆ ಇಂಗ್ಲಿಷಿನ ಸ್ಪೆಲ್ಲಿಂಗ್ ತರ್ಕ ಕೇಳುವ ಜಾತಿಯಲ್ಲ.

ಮೂರು ಬಗೆಯ ಊರು

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳು ಬಳ್ಳಾರಿ, ಹೊಸಪೇಟೆ, ಸಂಡೂರು, ಸಿರುಗುಪ್ಪಗಳ ಜೊತೆ ಮೈಸೂರು ರಾಜ್ಯಕ್ಕೆ ಬಂದವು. ಆಡಳಿತ ಬದಲಾಯಿತು, ಸ್ಪೆಲ್ಲಿಂಗ್ ಬದಲಾಗಲಿಲ್ಲ. ಊರ ಹೆಸರುಗಳನ್ನು ಇಂಗ್ಲಿಷಿನಲ್ಲೂ ಕನ್ನಡದಂತೆ ಬರೆಯಬೇಕೆಂಬ ಸಾಹಿತಿ ಯು.ಆರ್. ಅನಂತಮೂರ್ತಿಯವರ ಸಲಹೆಯನ್ನು 2005ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ಒಪ್ಪಿತಾದರೂ ಹನ್ನೆರಡು ಊರುಗಳ ಹೆಸರು ಇಂಗ್ಲಿಷಿನಲ್ಲೂ ಕನ್ನಡದಂತೆಯೇ ಆದದ್ದು 2014ರ ನವೆಂಬರ್ 1ರಂದು. ಅದನ್ನು ನೋಡಲು ಅನಂತಮೂರ್ತಿ ಇರಲಿಲ್ಲ. ಅದೇ ಆಗಸ್ಟಿನಲ್ಲಿ ತೀರಿಕೊಂಡಿದ್ದರು. ಹಳೆಯ ಜಿಲ್ಲೆಯಿಂದ ಪಟ್ಟಿಯಲ್ಲಿ ಇದ್ದವು ಎರಡೇ: ಬಳ್ಳಾರಿ, ಹೊಸಪೇಟೆ. ಹಂಟರನ ಪದ್ಧತಿಗೆ ಒಳಗಾದ ಚಿಕ್ಕ ಊರುಗಳಿಗೆ ಆ ಚಿಕಿತ್ಸೆ ಬೇಕಾಗಲಿಲ್ಲ.

ಇಲ್ಲಿ ಕೊಟ್ಟೂರನ್ನು ಗಮನಿಸಬೇಕು. ‘ಊರು’ ಎಂಬ ಒಂದೇ ಮಾತು ಇಂಗ್ಲಿಷಿನಲ್ಲಿ ಮೂರು ಬಾರಿ ಹುಟ್ಟಿದೆ. ಕಂಪನಿ ಕಾಲದ ಮೈಸೂರಿನಲ್ಲಿ ಅದು ‘ಓರ್’. ಆಮೇಲಿನ ಕೊಟ್ಟೂರು, ರಾಯಚೂರುಗಳಲ್ಲಿ ‘ಉರ್’. 2014ರ ನಂತರದ ಮೈಸೂರು, ತುಮಕೂರುಗಳಲ್ಲಿ ಕೊನೆಯ ಉಕಾರವೂ ಸೇರಿ ‘ಉರು’. ಹಳೆಯ ಬರಹದಲ್ಲಿ ಇಂಗ್ಲಿಷಿನ ಕೊಟ್ಟೂರಿಗೆ ಬಾಲದ ಉಕಾರವಿಲ್ಲ. ತಾಲ್ಲೂಕಾದ ಮೇಲಿನ ಸರ್ಕಾರಿ ಬರಹದಲ್ಲಿ ಇದೆ. ಬಾಲವಿಲ್ಲದ್ದೇ ತಪ್ಪು ಎನ್ನುವವರು ಪಂಪನ ಕಾಲದ ಕನ್ನಡದಲ್ಲಿ ಮಾತು ವ್ಯಂಜನಾಂತ ‘ಊರ್’ ಆಗಿತ್ತೆಂಬುದನ್ನು ನೆನೆಯಬೇಕು. ಕೊನೆಯ ಉಕಾರ ಆಮೇಲೆ ಬಂದು ಸೇರಿದ್ದು. ಇವತ್ತಿಗೂ ಆಡುಮಾತಿನಲ್ಲಿ ಅದು ಕೇಳಿಯೂ ಕೇಳದಂತೆ ಇರುತ್ತದೆ.

2021ರಲ್ಲಿ ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೇರಿ ವಿಜಯನಗರ ಜಿಲ್ಲೆಯಾಯಿತು. 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಈಗ ಹೊಸ ಜಿಲ್ಲೆಗೆ ಸೇರಿದ ಹರಪನಹಳ್ಳಿ ಈ ನಡುವೆ ಇಂಗ್ಲಿಷಿನಲ್ಲಿ ಸವೆದುಹೋಗಿದ್ದ ರಕಾರದ ಅಕಾರವನ್ನು ವಾಪಸು ಪಡೆದಿದೆ.

ತಿದ್ದಿದ್ದು ಯಾವುದನ್ನು?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. 2014ರಲ್ಲಿ ಹೊಸಪೇಟೆಗೆ ಸಿಕ್ಕ ಸ್ಪೆಲ್ಲಿಂಗ್ ಕನ್ನಡ ಬರಹಕ್ಕೆ ಹತ್ತಿರ; ಜನರ ಬಾಯಿಗೆ ಹತ್ತಿರವಿದ್ದದ್ದು ಹಳೆಯದೇ. ಬಾಯಿಯನ್ನು ನಂಬಿದ ಬರಹವನ್ನು ತೆಗೆದು ಪುಸ್ತಕವನ್ನು ನಂಬಿದ ಬರಹವನ್ನು ತಂದೆವು. ಅದರಲ್ಲಿ ತಪ್ಪಿಲ್ಲ. ಹಳೆಯ ಸ್ಪೆಲ್ಲಿಂಗನ್ನು ಓದುವವರು ಬಾಯಿ ಕೇಳದವರಾದಾಗ, ‘ಹಾಸ್ಪೆಟ್’, ‘ಬೆಲ್ಲಾರಿ’ ಎಂದು ನಮ್ಮವರೇ ಇಂಗ್ಲಿಷ್ ಮಾತಿನ ನಡುವೆ ಹೇಳತೊಡಗಿದಾಗ, ಬರಹವೇ ನಾಲಿಗೆಯನ್ನು ಎಳೆಯತೊಡಗಿತ್ತು. ಅದನ್ನು ತಡೆಯಲು ಬರಹವನ್ನೇ ತಿದ್ದಬೇಕಾಯಿತು.

ಆದರೆ ನಮ್ಮ ಬರಹ ಸದ್ದಿನ ನೆರಳೆಂದು ಬೀಗುವುದೂ ಬೇಡ. ಕನ್ನಡದಲ್ಲಿ ಕೂಡ್ಲಿಗಿಗೆ ಸವೆದ ರೂಪವನ್ನೇ ಬರೆಯುತ್ತೇವೆ, ಡಕಾರಕ್ಕೆ ಲಕಾರ ಒತ್ತಿ. ಹರಪನಹಳ್ಳಿಗೆ ಮಾತ್ರ ಸವೆಯದ ರೂಪ. ಈ ಸೀಮೆಯ ಮಕ್ಕಳು ‘ಮನಿ’ ಎನ್ನುತ್ತ ‘ಮನೆ’ ಎಂದು ಬರೆಯುತ್ತಾರೆ. ಬಾಯಲ್ಲಿ ಅಲ್ಪಪ್ರಾಣ, ಕಾಪಿಯಲ್ಲಿ ಮಹಾಪ್ರಾಣ. ಈ ಅಂತರವನ್ನು ಎತ್ತಿ ತೋರಿಸಿದ ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ ‘ಕನ್ನಡ ಬರಹವನ್ನು ಸರಿಪಡಿಸೋಣ!’ ಎಂಬ ಪುಸ್ತಕವನ್ನೇ ಬರೆದು, ತಮ್ಮ ಹೆಸರಿನ ಮಹಾಪ್ರಾಣವನ್ನೂ ಬಿಟ್ಟುಕೊಟ್ಟರು. ಕನ್ನಡ ಬರಹಕ್ಕೂ ಮಾತಿಗೂ ಇರುವ ದೂರ ಇಂಗ್ಲಿಷಿನಷ್ಟು ಇಲ್ಲ. ಇಲ್ಲವೇ ಇಲ್ಲ ಎನ್ನಲಾಗದು.

2007ರಿಂದ ಕರ್ನಾಟಕದ ಕನ್ನಡ ಶಾಲೆಗಳಲ್ಲೂ ಒಂದನೆಯ ತರಗತಿಯಿಂದ ಇಂಗ್ಲಿಷ್ ಕಲಿಸುತ್ತಿದ್ದಾರೆ. ಸ್ಪೆಲ್ಲಿಂಗ್ ಪಾಠ ಇನ್ನೂ ಉರು ಹೊಡೆಸುವ ಪಾಠವೇ. ಏಕೆ ಎಂದು ಕೇಳಿದ ಮಗುವಿಗೆ ‘ಅದು ಹಾಗೇ’ ಎಂಬುದೇ ಉತ್ತರ. ಅದು ಹಾಗೇ ಅಲ್ಲ. ಕೂಡ್ಲಿಗಿಯ ‘ಯು’ ಏಕೆ ಉಕಾರ, ಹೂವಿನಹಡಗಲಿಗೆ ಎರಡು ‘ಒ’ ಏಕೆ, ಹಡಗಲಿಗೆ ಇನ್ನೊಂದು ‘ಎಲ್’ ಎಲ್ಲಿಂದ ಬಂತು ಎಂದು ಬಿಡಿಸಿ ಹೇಳಿದರೆ ಇಂಗ್ಲಿಷ್ ಸ್ವರಗಳ ಅರ್ಧ ಚರಿತ್ರೆ ಮುಗಿಯುತ್ತದೆ. ಇದಕ್ಕೆ ಲೆಸ್ಟರಿಗೂ ವುಸ್ಟರಿಗೂ ಹೋಗಬೇಕಿಲ್ಲ. ಈ ಐದು ಊರಿನ ಯಾವ ಮೇಷ್ಟ್ರಾದರೂ ತಮ್ಮ ಶಾಲೆಯ ಬೋರ್ಡಿನ ಇಂಗ್ಲಿಷ್ ಸಾಲನ್ನೇ ಕರಿಹಲಗೆಯ ಮೇಲೆ ಬರೆದು ಪಾಠ ಶುರುಮಾಡಬಹುದು.